ಹಳ್ಳದ ದಂಡೆಯ ಗೆರೆ

ನಮ್ಮ ಮನೆಯಲ್ಲಿ ನೆಲದೊಳಗೆ ಬೆಳೆದದ್ದನ್ನು ತಿನ್ನುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ಯಾವುದೂ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಅಂಥ ಜೈನರ ಮನೆಯಲ್ಲಿ ಹುಟ್ಟಿದ ಮಗಳು ಸುತ್ತಿಗೆ ಹಿಡಿದು ಭೂವಿಜ್ಞಾನ ಕಲಿಯಲು ಹೊರಟಾಗ ಅವ್ವ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು. "ಗಡ್ಡಿ ಕೀಳೂದ ಪಾಪ ಅಂತ ಕಲಿಸಿ ಬೆಳಸಿದ್ವಿ. ಈಕಿ ಗುಡ್ಡಾನ ಕೀಳಾಕ ಹೊಂಟಾಳ" ಎಂದಳು. ಅಪ್ಪ ಒಮ್ಮೆ ಸೀನಿದರು. ನಿಪ್ಪಾಣಿಯ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಅಕ್ಕಪಕ್ಕದ ತಂಬಾಕಿನ ಗೋದಾಮುಗಳ ಘಾಟಿಗೆ ದಿನವಿಡೀ ಸೀನುತ್ತ, ಎರಡು ಸೀನುಗಳ ನಡುವೆ ಸಿಕ್ಕ ಜಾಗದಲ್ಲಿ ಗಿರಾಕಿಗಳೊಂದಿಗೆ ಮಾತಾಡುವ ಮನುಷ್ಯ ಅವರು. ಮಗಳ ಮದುವೆ, ಮಗಳ ಓದು ಇಂಥ ಉದ್ದನೆಯ ವಿಷಯಗಳಿಗೆ ಅಲ್ಲಿ ಜಾಗ ಸಾಲುತ್ತಿರಲಿಲ್ಲ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಆ ವರ್ಷಗಳಲ್ಲಿ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅತಿಥಿ ಎಂದರೆ ದೇವರು ಎಂಬ ಮಾತನ್ನು ನಮ್ಮ ಕಾಲೇಜು ಚಾಚೂ ತಪ್ಪದೆ ಪಾಲಿಸುತ್ತಿತ್ತು. ದೇವರಿಗೆ ಕುರ್ಚಿ ಬೇಡ, ನಮಗೂ ಇರಲಿಲ್ಲ. ದೇವರು ಸಂಬಳ ಕೇಳುವುದಿಲ್ಲ, ನಾವೂ ಕೇಳಬಾರದಿತ್ತು. ಒಂದು ದಿನ ಪ್ರಾಚಾರ್ಯರು ಕರೆದು, ಜೂನ್ ಒಳಗೆ ನಿಮ್ಮ ಪಿಎಚ್.ಡಿ. ಕೈಗೆ ಬಂದರೆ ಕಾಯಂ ಹುದ್ದೆಗೆ ನಿಮ್ಮ ಹೆಸರು ಕಳಿಸುತ್ತೇನೆ, ಬಾರದಿದ್ದರೆ ಅತಿಥಿಗಳನ್ನು ಬೀಳ್ಕೊಡುವುದೂ ನಮ್ಮ ಸಂಸ್ಕೃತಿಯೇ ಅಲ್ಲವೇ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪನ ಅಂಗಡಿಯ ಗಲ್ಲೆಯ ಹಿಂದೆ ಕೂತು ಜಂಪರ್ ಪೀಸ್ ಕತ್ತರಿಸುವ ಬದುಕು ನನಗೆ ಬೇಡವಾಗಿತ್ತು, ಬೇಡವೆಂದು ಮನೆಯಲ್ಲಿ ಜೋರಾಗಿಯೇ ಹೇಳಿದ್ದೆ. ಹಾಗಾಗಿ ಎಲ್ಲವೂ ಆ ಪ್ರಬಂಧದ ಮೇಲೆ ನಿಂತಿತ್ತು.

ಪ್ರಬಂಧದ ಹೆಸರಿನಲ್ಲಿ 'ಪರ್ವತ ಪ್ರದೇಶ' ಎಂಬ ಮಾತಿತ್ತು. ಇಟ್ಟವರು ನನ್ನ ಗೈಡ್. ರಾಯಬಾಗ ತಾಲೂಕಿನ ಅಂಚಿನ ಆ ಗುಡ್ಡವನ್ನು ಅವರು ಕಣ್ಣಿನಿಂದ ಕಂಡವರಲ್ಲ. ಮೊಣಕಾಲು ನೋವಿನಿಂದಾಗಿ ಕ್ಷೇತ್ರಕಾರ್ಯದ ಮಹತ್ವದ ಬಗ್ಗೆ ಕುರ್ಚಿಯಲ್ಲಿ ಕೂತೇ ಉಪನ್ಯಾಸ ಕೊಡುತ್ತಿದ್ದರು. "ದಿಬ್ಬ ಅಂತ ಬರದ್ರ ಯಾರು ಮಂಜೂರ ಮಾಡ್ತಾರ? ಪರ್ವತ ಅಂತ ಬರೀರಿ" ಎಂದಿದ್ದರು. ಆ ಪರ್ವತವನ್ನು ಎಮ್ಮೆಗಳು ಮೆಲುಕು ಹಾಕುವುದನ್ನೂ ನಿಲ್ಲಿಸದೆ ಹತ್ತಿ ಇಳಿಯುತ್ತಿದ್ದವು.

ಆದರೂ ಅದು ಸಾಮಾನ್ಯ ಗುಡ್ಡವಾಗಿರಲಿಲ್ಲ. ನಮ್ಮ ಸೀಮೆ ಪೂರಾ ಕರಿಕಲ್ಲಿನದು. ಒಂದಾನೊಂದು ಕಾಲದಲ್ಲಿ ಪಶ್ಚಿಮದ ಕಡೆಯಿಂದ ಉಕ್ಕಿ ಹರಿದು ಬಂದ ಬೆಂಕಿಯ ರಸ ತಣ್ಣಗಾಗಿ, ಚಪಾತಿಯ ಮೇಲೆ ಚಪಾತಿ ಇಟ್ಟಂತೆ ಮಟ್ಟಸವಾಗಿ ಕೂತಿದೆ. ಅದನ್ನು ನಕ್ಷೆ ಮಾಡುವವರಿಗೆ ನಿದ್ದೆ ಬರುತ್ತದೆ. ಆ ಗುಡ್ಡ ಮಾತ್ರ ಕರಿಕಲ್ಲಿಗಿಂತ ಎಷ್ಟೋ ಪಟ್ಟು ಹಳೆಯದು. ಮರಳು, ಕೆಸರು ಆಗಿದ್ದದ್ದು ಭೂಮಿಯ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ, ಬಿಳಿಗಲ್ಲಾಗಿ, ಹಾಳೆಹಾಳೆಯಾಗಿ ಏಳುವ ಹೊಳಪಿನ ಕಲ್ಲಾಗಿ, ಮಡಿಕೆ ಮಡಿಕೆಯಾಗಿ ಮೇಲೆದ್ದು ನಿಂತಿತ್ತು. ರೂಪಾಂತರ ಶಿಲೆ ಎನ್ನುತ್ತೇವೆ. ಅದರ ಫೋಟೋ ನೋಡಿ ಅಪ್ಪ ಮೊದಲ ಬಾರಿಗೆ ಸೀನದೆ ಒಂದು ಪೂರಾ ಮಾತು ಆಡಿದರು: "ಹಬ್ಬದಾಗ ಹೆಣ್ಮಕ್ಕಳು ಅಂಗಡ್ಯಾಗ ಸೀರಿ ನೋಡಿ ಗುಡ್ಡಿ ಹಾಕಿ ಹೋಗಿರ್ತಾರಲ್ಲ, ಹಂಗ ಐತಿ." ನನ್ನ ಗೈಡ್ ಬರೆಸಿದ ಎರಡು ಪುಟದ ವಿವರಣೆಗಿಂತ ಅದು ಚೆನ್ನಾಗಿತ್ತು.

ಚಿಕ್ಕೋಡಿಯಿಂದ ಬೆಳಗಿನ ಬಸ್ಸಿಗೆ ಹೋಗಿ, ಸಂಜೆಯ ಬಸ್ಸಿಗೆ ಮರಳುವುದು. ಹೊತ್ತು ಮುಳುಗುವ ಮುಂಚೆ ಉಣ್ಣುವ ಮನೆತನದವಳಿಗೆ ಇದು ಅನುಕೂಲವೇ ಆಗಿತ್ತು. ಬಂಡೆ ಎಲ್ಲಿ ಹೊರಗೆ ಕಂಡರೆ ಅಲ್ಲಿಗೆ ಹೋಗಿ, ಒಡೆದು ನೋಡಿ, ಪದರು ಯಾವ ದಿಕ್ಕಿಗೆ ಎಷ್ಟು ವಾಲಿದೆ ಎಂದು ದಿಕ್ಸೂಚಿಯಿಂದ ಅಳೆದು, ಹಾಳೆಯ ಮೇಲೆ ಗುರುತು ಹಾಕುವುದು ಕೆಲಸ. ಗುಡ್ಡದ ಬುಡದ ಹಳ್ಳಿಯವರು ಮೊದಲ ವಾರ ನಾನು ಮೊಬೈಲ್ ಟವರ್‌ನವಳೆಂದರು. ಎರಡನೆಯ ವಾರ ಬಂಗಾರ ಹುಡುಕುವವಳಾದೆ. ಮೂರನೆಯ ವಾರದಲ್ಲಿ, ಬಂಗಾರ ಸಿಕ್ಕಿಯೂ ಹೇಳದವಳಾದೆ. "ಸಿಕ್ಕಿಲ್ಲಂದ್ರ ದಿನಾ ಯಾಕ ಬರ್ತಾಳ?" ಎಂಬುದು ಅವರ ತರ್ಕ. ಸಿಕ್ಕದೆಯೂ ದಿನಾ ಹೋಗುವವರು ಬುದ್ಧಿವಂತರೆಂದು ನನಗೂ ಅನ್ನಿಸುತ್ತಿರಲಿಲ್ಲ.

ನನಗೆ ನಿಜವಾಗಿ ಬಂಗಾರ ಸಿಕ್ಕಿದ್ದು ಊರ ಹಿಂದಿನ ಹಳ್ಳದ ದಂಡೆಯಲ್ಲಿ. ಹಳ್ಳಿಯ ತುದಿಯ ಮನೆ ಒಬ್ಬ ಮುದುಕಿಯದು. ಊರೆಲ್ಲ ಆಕೆಯನ್ನು ಆಯಿ ಎನ್ನುತ್ತಿತ್ತು, ನಾನೂ ಅಂದೆ. ಆಕೆಯ ಹಿತ್ತಲು ಮುಗಿಯುವಲ್ಲಿ ಮಳೆನೀರು ಕೊರೆದು ಒಂದಾಳೆತ್ತರದ ದಂಡೆ ಬಿದ್ದಿತ್ತು. ಆ ದಂಡೆಯಲ್ಲಿ, ಕೆಳಗೆ ಮಡಿಕೆಬಿದ್ದ ಹಳೆಯ ಬಿಳಿಗಲ್ಲು, ಅದರ ತಲೆಯ ಮೇಲೆ ನೇರವಾಗಿ ಕೂತ ಕರಿಕಲ್ಲು, ನಡುವೆ ಸುಟ್ಟ ಇಟ್ಟಿಗೆಯ ಬಣ್ಣದ ಒಂದು ಗೇಣು ಮಣ್ಣು. ಎರಡು ಕಲ್ಲು ಕೂಡುವ ಗೆರೆ. ನನ್ನ ಇಡೀ ನಕ್ಷೆಯಲ್ಲಿ, ಕರಿಕಲ್ಲಿಗೂ ಹಳೆಯ ಕಲ್ಲಿಗೂ ನಡುವಿನ ಗೆರೆ ಕಣ್ಣಿಗೆ ಕಾಣುವ ಜಾಗ ಅದೊಂದೇ. ಉಳಿದೆಡೆ ಅದು ಕಬ್ಬಿನ ಹೊಲದ ಕೆಳಗೆ ಹೂತುಹೋಗಿತ್ತು. ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಆ ಒಂದು ಗೇಣು ಮಣ್ಣಿನ ಮೇಲೆ ನಿಂತಿತು. ಕೆಳಗಿನ ಕಲ್ಲಿಗೂ ಮೇಲಿನ ಕಲ್ಲಿಗೂ ನಡುವೆ ಎಷ್ಟು ಕಾಲ ಖಾಲಿ ಹೋಗಿದೆ ಎಂದು ನೆನೆದರೆ ಈಗಲೂ ಮೈ ಜುಂ ಎನ್ನುತ್ತದೆ.

ಅದರ ಫೋಟೋ ತೆಗೆಯಬೇಕಲ್ಲ. ಅಳತೆ ಗೊತ್ತಾಗಲೆಂದು ಬಂಡೆಯ ಪಕ್ಕ ಸುತ್ತಿಗೆ ಇಟ್ಟು ಫೋಟೋ ತೆಗೆಯುವುದು ನಮ್ಮ ಪದ್ಧತಿ. ನಾನು ಸುತ್ತಿಗೆ ಇಡುವಷ್ಟರಲ್ಲಿ ಆಯಿ ಸೆರಗು ಸರಿಪಡಿಸಿಕೊಂಡು ಬಂದು ಬಂಡೆಯ ಮುಂದೆ ನಿಂತಳು. ಆಚೆ ದಂಡೆಯ ವಸ್ತಿಯಿಂದ ಆಕೆಯ ಮಗಳು, ಮಗಳ ಅತ್ತೆ, ಮಗಳ ಎಮ್ಮೆ, ಎಲ್ಲರೂ ಬಂದರು. "ಬರೇ ಕಲ್ಲಿಂದೇನ್ ತಗೀತಿ ಬೇ, ಮಂದೀದ ತಗಿ" ಎಂದಳು ಆಯಿ. ಪ್ರತಿ ಸಲವೂ ಹಾಗೇ ಆಯಿತು. ಕ್ಯಾಮೆರಾ ಚೀಲದಿಂದ ಹೊರಗೆ ಬಂದರೆ ಸಾಕು, ತಲೆ ಬಾಚಿಕೊಂಡು ಒಬ್ಬೊಬ್ಬರೇ ಹಾಜರು. ಆಕೆಯ ಹಿತ್ತಲಲ್ಲಿ ನಿಂತು, ಆಕೆಯ ಮಜ್ಜಿಗೆ ಕುಡಿದು, ಸರಿಯಿರಿ ಎನ್ನುವುದು ಹೇಗೆ? ಇರಲಿ, ಕಲ್ಲು ಎಲ್ಲಿಗೆ ಓಡಿಹೋದೀತು ಎಂದುಕೊಂಡು ಸುಮ್ಮನಾದೆ.

ಮುಂದಿನ ಅನಾಹುತಕ್ಕೆ ಕಾರಣ ಒಂದು ಹಸಿರು ಪೆನ್ಸಿಲ್. ಕರಿಕಲ್ಲಿಗೆ ನಕ್ಷೆಯಲ್ಲಿ ಹಸಿರು ಹಚ್ಚುವುದು ನಾನು ಇಟ್ಟುಕೊಂಡಿದ್ದ ರೂಢಿ. ಬಿಳಿಗಲ್ಲಿಗೆ ಹಳದಿ, ಅದರ ಬುಡದ ಗ್ರಾನೈಟಿನಂಥ ಕಲ್ಲಿಗೆ ಕೆಂಪು. ನಮ್ಮ ಸೀಮೆಯಲ್ಲಿ ಎತ್ತ ನೋಡಿದರೂ ಕರಿಕಲ್ಲೇ ಆದ್ದರಿಂದ ಹಸಿರು ಪೆನ್ಸಿಲ್ ಮೊದಲು ಸವೆದು ಬೆರಳುಗುರಿನಷ್ಟಾಯಿತು. ಚಿಕ್ಕೋಡಿಯ ಅಂಗಡಿಯಲ್ಲಿ ಬಿಡಿಯಾಗಿ ಹಸಿರು ಸಿಗಲಿಲ್ಲ. ಡಬ್ಬಿಯಲ್ಲಿ ಒಮ್ಮೆಯೂ ಮುಟ್ಟದ ಒಂದು ಪೆನ್ಸಿಲ್ ಇತ್ತು. ಆ ಊರಿನ ಹಾಳೆಗೆ ಅದನ್ನೇ ತೆಗೆದು ಹಚ್ಚಿದೆ. ಅದರ ಬಣ್ಣ ಕೇಸರಿ.

ಮರುದಿನ ಆ ಹಳ್ಳಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ನಕ್ಷೆ ಬಿಡಿಸಿ ಟೇಬಲ್ಲಿನ ಮೇಲೆ ಹಾಸಿದೆ. ತೆಂಕಣಕ್ಕೆ ಹಳದಿ ಮತ್ತು ಕೆಂಪು. ಬಡಗಣಕ್ಕೆ ಕೇಸರಿ. ನಡುವೆ, ಊರಿನ ಹಿತ್ತಲನ್ನೇ ಸೀಳಿಕೊಂಡು ಹೋದ ಒಂದು ಕಪ್ಪು ಗೆರೆ. ಬೇರೆ ಯಾವ ಜಿಲ್ಲೆಯಲ್ಲಾದರೂ ಇದು ಬಣ್ಣದ ಹಾಳೆ. ಗಡಿಯ ಜಗಳವನ್ನು ತಾಯಿಯ ಹಾಲಿನ ಜೊತೆ ಕುಡಿದ ನಮ್ಮ ಕಡೆ ಇದು ಕನ್ನಡದ ಬಾವುಟಕ್ಕೂ ಮರಾಠಿಯ ಬಾವುಟಕ್ಕೂ ನಡುವಿನ ಗೆರೆ.

ಹೋಟೆಲಿನ ಧಣಿ ಚಹಾದ ಕಪ್ಪು ಹಿಡಿದೇ ನಿಂತುಬಿಟ್ಟ. ಆತ ಊರಿನ ಕನ್ನಡ ಪಕ್ಷದ ಮುಖಂಡ. ಮೋಟಾರ್ ಸೈಕಲ್ಲಿನ ಮೇಲೆ ಬಾವುಟ ಕಟ್ಟಿಕೊಂಡವನು, ಮನೆಯಲ್ಲಿ ಹೆಂಡತಿಯ ಜೊತೆ ಮಾತ್ರ ಮರಾಠಿ, ಯಾಕೆಂದರೆ ಹೆಂಡತಿಗೆ ಎದುರು ಮಾತಾಡುವ ಧೈರ್ಯ ಕನ್ನಡದಲ್ಲಿ ಅವನಿಗೆ ಬರುತ್ತಿರಲಿಲ್ಲ. ಎದುರಿನ ಕಿರಾಣಿ ಅಂಗಡಿಯ ಧಣಿ ಮರಾಠಿ ಪಕ್ಷದ ಮುಖಂಡ. ಭಾಷಣವೆಲ್ಲ ಮರಾಠಿ, ಸಿಟ್ಟು ಬಂದರೆ ಅಚ್ಚ ಕನ್ನಡದ ಬೈಗುಳ. ಇಬ್ಬರೂ ಪರಸ್ಪರ ಬೀಗರು. ಊರಿನ ಗಟಾರವನ್ನು ಯಾವ ಬದಿಗೆ ಹರಿಸಬೇಕು ಎಂಬ ಜಗಳ ಇಬ್ಬರ ನಡುವೆ ಎಷ್ಟೋ ವರ್ಷಗಳಿಂದ ಜೀವಂತವಾಗಿತ್ತು. ಗಟಾರ ಮಾತ್ರ ಹುಟ್ಟಿಯೇ ಇರಲಿಲ್ಲ.

"ಬಾಯಾರ, ಗಡಿ ಸರಿಸ್ಯಾರೇನ್ರಿ?" ಎಂದ ಹೋಟೆಲ್ ಧಣಿ.

ನಾನು ನಕ್ಕೆ. ಅದು ಮೊದಲ ತಪ್ಪು. ಸರಕಾರಿ ರಹಸ್ಯ ಗೊತ್ತಿದ್ದವರೇ ಹಾಗೆ ನಗುವುದಂತೆ. ಚಹಾ ಆರುವುದರೊಳಗೆ ಹೋಟೆಲು ತುಂಬಿತು. ಕಿರಾಣಿ ಧಣಿ ತಕ್ಕಡಿ ಬಿಟ್ಟು ಓಡಿಬಂದು ಕೇಸರಿಯ ಮೇಲೆ ಬೆರಳಿಟ್ಟು, "ಬಘಾ, ಬಘಾ! ನೋಡ್ರಿ, ಹಳ್ಳದ ಆಚೆ ಎಲ್ಲಾ ನಮ್ದು!" ಎಂದ. ಇದು ಕಲ್ಲಿನ ನಕ್ಷೆ, ಮನುಷ್ಯರದ್ದಲ್ಲ ಎಂದು ಬಿಡಿಸಿ ಹೇಳಲು ಹೋದೆ. ಕೆಳಗಿರುವುದು ಇಲ್ಲಿಯದೇ ಹಳೆಯ ಕಲ್ಲು, ಕರಿಕಲ್ಲು ಆಮೇಲೆ ಆ ಕಡೆಯಿಂದ, ಅಂದರೆ ಮಹಾರಾಷ್ಟ್ರದ ಕಡೆಯಿಂದ, ಹರಿದು ಬಂದು ಇದರ ಮೇಲೆ ಕೂತಿತು ಎಂದೆ.

ವಿಜ್ಞಾನಕ್ಕೆ ಅಂಥ ಚಪ್ಪಾಳೆ ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಹೋಟೆಲ್ ಧಣಿ ಕುಣಿದಾಡಿಬಿಟ್ಟ. "ಕೇಳ್ರಿ! ಕಲ್ಲ ಸೈತ ಸಾಕ್ಷಿ ಹೇಳಾಕತ್ತೈತಿ! ಮೂಲ ನಾವು, ಮ್ಯಾಲ ಬಂದು ಕುಂತವ್ರು ಅವ್ರು!" ಕಿರಾಣಿ ಧಣಿ ಬಿಡುತ್ತಾನೆಯೇ? "ಮ್ಯಾಲ ಕುಂತವ್ರ ಮಾಲಕರಲೇ! ಕೆಳಗ ಬಿದ್ದವ್ರಿಗೆ ಏನ್ ಕಿಮ್ಮತ್ತು?" ಗಾಬರಿಯಲ್ಲಿ ನಾನು ಇನ್ನೂ ಒಂದು ಸತ್ಯ ಹೇಳಿದೆ: ಆ ಕೆಳಗಿನ ಬಿಳಿಗಲ್ಲು ಕೂಡ ಎಲ್ಲಿಂದಲೋ ಹೊಳೆ ಹೊತ್ತು ತಂದ ಮರಳೇ, ಮೂಲದವರು ಅಂತ ಯಾರೂ ಇಲ್ಲ. ಇಬ್ಬರೂ ಮುಖಂಡರು ಜೀವನದಲ್ಲಿ ಮೊದಲ ಬಾರಿಗೆ ಒಂದೇ ಕಡೆ ನಿಂತು ನನ್ನನ್ನು ನೋಡಿದರು. ಎರಡೂ ಪಕ್ಷಕ್ಕೆ ಬೇಡವಾದ ಮಾತು ಅದು.

ಗುಂಪಿನ ಹಿಂದಿನಿಂದ ಆಯಿ ಕೇಳಿದಳು. "ಈ ಗೆರಿ ನನ್ನ ಹಿತ್ಲಾಗ ಹಾದೈತೇನು?"

"ಹೌದು ಆಯಿ."

"ಮಗಳನ್ನ ಆಚೆ ದಂಡಿಗೆ ಕೊಟ್ಟೀನಿ. ಆಕಿ ಬ್ಯಾರೆ ರಾಜ್ಯಕ್ಕ ಹೋಗ್ತಾಳೇನು?"

ಇಲ್ಲ ಎಂದೆ. ಇದು ಆ ಗೆರೆಯಲ್ಲ ಎಂದೆ. ಕಂಡಲ್ಲಿ ನಾವು ಹೀಗೆ ಪೂರಾ ಗೆರೆ ಎಳೆಯುತ್ತೇವೆ, ಮಣ್ಣಿನಡಿ ಮುಚ್ಚಿ ಕಾಣದಲ್ಲಿ ಬರೀ ಚುಕ್ಕಿ ಇಡುತ್ತೇವೆ, ಇಷ್ಟೇ ಇದರ ಶಾಸ್ತ್ರ ಎಂದು ನಕ್ಷೆಯ ಮೂಲೆಯ ಗುರುತುಗಳನ್ನು ತೋರಿಸಿದೆ. ಆಕೆ ಚುಕ್ಕಿಗಳನ್ನೇ ನೋಡಿದಳು. "ಹಂಗಾರ ನಮ್ಮಲ್ಲಿನೂ ಚುಕ್ಕಿನ ಇಡು ಬೇ" ಎಂದಳು. ಕಣ್ಣಿಗೆ ಕಂಡದ್ದನ್ನು ಕಾಣಲಿಲ್ಲವೆಂದು ಬರೆಯಲಾಗದು ಎಂದು ನಾನು ಬಹಳ ಗತ್ತಿನಿಂದ ಹೇಳಿದೆ. ಗತ್ತು ನನಗೆ ಗೈಡ್ ಕಡೆಯಿಂದ ಬಂದದ್ದು.

ಮರುದಿನದಿಂದ ಊರು ನನಗೆ ಮುಖ ಕೊಡಲಿಲ್ಲ. ಹೋಟೆಲಿನಲ್ಲಿ ಹಾಲು ಮುಗಿದಿರುತ್ತಿತ್ತು, ಕಿರಾಣಿಯಲ್ಲಿ ಬಿಸ್ಕತ್ತು ಮುಗಿದಿರುತ್ತಿತ್ತು. ಹಳ್ಳಕ್ಕೆ ಇಳಿಯುವ ದಾರಿಯಲ್ಲಿ ಜಾಲಿಮುಳ್ಳು ಬಿದ್ದಿತ್ತು. ಅದೇ ಹೊತ್ತಿಗೆ ಗೈಡ್ ಫೋನ್ ಮಾಡಿ ಸುದ್ದಿ ಹೇಳಿದರು: ಮೈಸೂರು ಕಡೆಯ ಪರೀಕ್ಷಕರೊಬ್ಬರು ಬಂಡೆಯನ್ನು ಕೈಯಿಂದ ಮುಟ್ಟದೆ ಸಹಿ ಹಾಕುವವರಲ್ಲ, ಖುದ್ದಾಗಿ ಬರುತ್ತಾರೆ, ಆ ಗೆರೆಯನ್ನು ತೋರಿಸಬೇಕು. ಮುಳ್ಳಿನ ಮುಂದೆ ನಿಂತು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೋಟೆಲಿಗೆ ಹೋಗಿ ಸುತ್ತಿಗೆಯನ್ನು ಟೇಬಲ್ಲಿಗೆ ಕುಟ್ಟಿ ಕೂಗಿದೆ. "ಇದು ನನ್ನ ಪರೀಕ್ಷಾರೀ! ಗಡೀನೂ ಇಲ್ಲ, ಗಿಡೀನೂ ಇಲ್ಲ! ಹಳ್ಳದಾಗಿನ ಕಲ್ಲ ನೋಡಾಕ ಪರೀಕ್ಷಾದವ್ರು ಬರ್ತಾರ. ಕಾಣಲಿಲ್ಲಂದ್ರ ನಾ ಫೇಲು, ನನ್ನ ನೌಕರಿ ಹೋತು!"

'ಪರೀಕ್ಷೆ' ಎಂಬ ಮಾತಿಗೆ ಇಡೀ ಹೋಟೆಲು ಬದಲಾಯಿತು. ಈ ನಾಡಿನಲ್ಲಿ ಗಡಿಯೇನೋ ದೊಡ್ಡದು, ಆದರೆ ಪರೀಕ್ಷೆ ಅದಕ್ಕಿಂತ ದೊಡ್ಡದು. ಹತ್ತನೇ ಇಯತ್ತೆಯ ಪರೀಕ್ಷೆಯ ದಿನ ಶಾಲೆಯ ಕಂಪೌಂಡಿನ ಮೇಲೆ ಕಾಕಾ, ಮಾಮಾ, ಕೆಲವು ಊರುಗಳಲ್ಲಿ ಅಜ್ಜಂದಿರೂ ಹತ್ತಿ ಕೂತು ಚೀಟಿ ಎಸೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಬ್ಬ ಬರೆಯುತ್ತಾನೆ, ಊರು ಪಾಸಾಗುತ್ತದೆ. ಆ ವಿಷಯದಲ್ಲಿ ಭಾಷೆಯ ಭೇದವಿಲ್ಲ.

"ಮೊದಲ ಹೇಳಬಾರದೇನ್ರಿ ಬಾಯಾರ!" ಎಂದ ಹೋಟೆಲ್ ಧಣಿ. ಅವನ ದನಿಯಲ್ಲಿ ನಿಜವಾದ ನೋವಿತ್ತು.

"ಏನೇನ್ ನೋಡ್ತಾರಂತ ಅವ್ರು?" ಎಂದು ಕಿರಾಣಿ ಧಣಿ ಕೇಳಿದ. ಕೆಳಗೆ ಮಡಿಕೆಯ ಬಿಳಿಗಲ್ಲು, ಮೇಲೆ ಕರಿಕಲ್ಲು, ನಡುವೆ ಕೆಂಪು ಮಣ್ಣು ಎಂದು ನಾನು ಮತ್ತೊಮ್ಮೆ ಹೇಳಿದೆ. ಇಬ್ಬರೂ ಮನಸ್ಸಿಟ್ಟು ಕೇಳಿಸಿಕೊಂಡರು. ಅಷ್ಟು ಮನಸ್ಸಿಟ್ಟು ನನ್ನ ವಿದ್ಯಾರ್ಥಿಗಳು ಎಂದೂ ಕೇಳಿಲ್ಲ. ಹಾಲು ಬಂತು, ಬಿಸ್ಕತ್ತು ಬಂತು, ಮುಳ್ಳು ಹೋಯಿತು. ಪರೀಕ್ಷಕರು ಬರುವ ತನಕ ನಾನು ನಿಶ್ಚಿಂತೆಯಿಂದ ಚಿಕ್ಕೋಡಿಯಲ್ಲಿ ಕೂತು ಪ್ರಬಂಧದ ಅಕ್ಷರ ತಿದ್ದಿದೆ. ಆ ನಿಶ್ಚಿಂತೆಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಕನಿಕರ.

ಪರೀಕ್ಷಕರು ಸಣ್ಣ ಮೈಯ, ಬಟ್ಟೆ ಟೋಪಿಯ, ಮಾತು ಕಡಿಮೆಯ ಮನುಷ್ಯ. ಮೊದಲು ಗುಡ್ಡ ಹತ್ತಿಸಿದರು. ನಾನು ಗುರುತಿಸಿದ ಮಡಿಕೆಗಳನ್ನೆಲ್ಲ ತಾವೇ ಅಳೆದರು. ಒಂದೆಡೆಯೂ ತಕರಾರಿಲ್ಲ. "ಒಳ್ಳೇ ಕೆಲಸ" ಎಂದು ಒಮ್ಮೆ ಅಂದರು ಕೂಡ. ಇನ್ನು ಹಳ್ಳವೊಂದು ಬಾಕಿ ಎಂದು ನಾನು ಮನಸ್ಸಿನಲ್ಲೇ ಪೇಡೆ ಹಂಚುತ್ತ ಅವರನ್ನು ಆಯಿಯ ಹಿತ್ತಲಿಗೆ ಕರೆದುಕೊಂಡು ಬಂದೆ.

ಊರೆಲ್ಲ ಸಾಲಾಗಿ ನಿಂತಿತ್ತು. ಇಬ್ಬರೂ ಧಣಿಗಳು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಅವರ ಹಿಂದೆ, ನನ್ನ ದಂಡೆ ಇದ್ದ ಜಾಗದಲ್ಲಿ, ಒಂದು ಗೋಡೆ ಎದ್ದಿತ್ತು.

ಚಂದದ ಗೋಡೆ. ಕೆಳಗೆ ಬಿಳಿಗಲ್ಲಿನ ಚಪ್ಪಡಿಗಳನ್ನು ಓರೆಯಾಗಿ, ಮಡಿಕೆ ಮಡಿಕೆಯಾಗಿ ಕೂರಿಸಿದ್ದರು. ಮೇಲೆ ಸಮನಾಗಿ ಕಡಿದ ಕರಿಕಲ್ಲು, ಸಂದುಗಳಿಗೆ ಸಿಮೆಂಟು. ನಡುವೆ ಕೆಂಪು ಆಯಿಲ್ ಪೇಂಟಿನ ಒಂದು ಪಟ್ಟೆ, ಗೌಂಡಿ ದಾರ ಹಿಡಿದು ಎಳೆದಷ್ಟು ನೇರ. ನನ್ನ ಪಾಠವನ್ನು ಒಂದಕ್ಷರ ಬಿಡದೆ ಕಟ್ಟಿದ್ದರು. ಗಟಾರಕ್ಕೆ ಕೂಡದ ಎರಡು ಪಕ್ಷಗಳು ಇದಕ್ಕೆ ಕೂಡಿದ್ದವು.

"ಮೊದ್ಲಿಂದು ಭಾಳ ಗಲೀಜ ಇತ್ತರಿ ಸಾಹೇಬ್ರ" ಎಂದ ಹೋಟೆಲ್ ಧಣಿ, ಕೈ ಕಟ್ಟಿಕೊಂಡು. "ಡೊಂಕ ಡೊಂಕ, ಕೆಸರು. ಅದಕ್ಕ ಮಾರ್ಕ್ಸ್ ಬೀಳತಿರ್ಲಿಲ್ಲ."

ಪರೀಕ್ಷಕರು ಗೋಡೆಯನ್ನು ಬಹಳ ಹೊತ್ತು ನೋಡಿದರು. "ಈ ಕಪ್ಪು ಕಲ್ಲು ಎಲ್ಲಿಂದ ತಂದಿರಿ? ಇಲ್ಲಿಯದಲ್ಲ ಇದು."

"ಕಾಗವಾಡ ದಾಟಿ, ಮಿರಜ ಕಡಿಂದ ಟ್ರ್ಯಾಕ್ಟರ್‌ನ್ಯಾಗ ತರಿಸೀವ್ರಿ" ಎಂದ ಕಿರಾಣಿ ಧಣಿ ಎದೆಯುಬ್ಬಿಸಿ. "ಕರಿಕಲ್ಲು ಮಹಾರಾಷ್ಟ್ರದಿಂದನ ಬಂದಿರಬೇಕಂತ ಬಾಯಾರ ಹೇಳಿದ್ರಲ್ಲರಿ. ಸುಳ್ಳ ಆಗಬಾರ್ದು."

"ಸಿದ್ಧಾಂತ ಸರಿಯಾಗಿದೆ" ಎಂದರು ಪರೀಕ್ಷಕರು, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಆಮೇಲೆ ನನ್ನ ಕಡೆ ತಿರುಗಿ ಹಳೆಯ ಫೋಟೋ ಇದೆಯೇ ಎಂದು ಕೇಳಿದರು. ಇತ್ತು. ಚೀಲದ ತುಂಬ ಇತ್ತು. ಒಂದರಲ್ಲಿ ಆಯಿ, ಇನ್ನೊಂದರಲ್ಲಿ ಆಯಿ ಮತ್ತು ಮಗಳು, ಮತ್ತೊಂದರಲ್ಲಿ ಮಗಳ ಅತ್ತೆ, ಎಲ್ಲದರಲ್ಲೂ ಎಮ್ಮೆ. ಗೆರೆ ಇರಬೇಕಾದಲ್ಲಿ ಎಲ್ಲ ಫೋಟೋದಲ್ಲೂ ಒಬ್ಬರ ಎದೆಯೋ ಬೆನ್ನೋ ಬಾಲವೋ. ಪರೀಕ್ಷಕರು ಒಂದೊಂದನ್ನೇ ತಿರುವಿ, ಕೊನೆಯದನ್ನು ನನ್ನ ಕೈಗೆ ಕೊಟ್ಟರು.

"ನೋಡಿ, ನೀವು ಕಂಡಿದ್ದೀರಿ, ನಂಬುತ್ತೇನೆ. ಆದರೆ ನಾನು ಕಾಣದೆ ಪೂರಾ ಗೆರೆಗೆ ಸಹಿ ಹಾಕಲಾರೆ. ಇದರ ಹಿಂದೆ ಅದು ಇನ್ನೂ ಇದೆಯಲ್ಲ, ಒಂದು ಮೂಲೆ ಒಡೆಸಿ. ಕಂಡರೆ ಇವತ್ತೇ ಸಹಿ. ಬೇಡವೆಂದರೆ ಇಲ್ಲಿ ಚುಕ್ಕಿ ಇಟ್ಟು, ಆ ಅಧ್ಯಾಯ ಹೊಸದಾಗಿ ಬರೆದು ಕಳಿಸಿ. ಜೂನ್‌ಗೆ ಆಗುವುದಿಲ್ಲ."

ನಾನು ಚೀಲದಿಂದ ದೊಡ್ಡ ಸುತ್ತಿಗೆ ತೆಗೆದೆ. ಸಿಟ್ಟು ಎಷ್ಟಿತ್ತೆಂದರೆ ಗೋಡೆಯೇನು, ಇಬ್ಬರೂ ಧಣಿಗಳ ತಲೆಯನ್ನೂ ಸೇರಿಸಿ ಒಡೆಯುವಷ್ಟಿತ್ತು. ಹೊಡೆದೆ. ಕಿಡಿ ಹಾರಿತು, ಒಂದು ಚೂರು ಸಿಡಿಯಿತು. ಯಾರೂ ತಡೆಯಲಿಲ್ಲ. ತಡೆದಿದ್ದರೆ ಒಡೆದೇಬಿಡುತ್ತಿದ್ದೆ. ಹೋಟೆಲ್ ಧಣಿಯ ಬೆರಳುಗಳು ಸಿಮೆಂಟು ತಿಂದು ಬಿರಿದಿದ್ದವು. ಕಿರಾಣಿ ಧಣಿ ಬಿದ್ದ ಚೂರನ್ನು ಹೆಕ್ಕಿ, ಮತ್ತೆ ಅಂಟಿಸಬಹುದೇನೋ ಎಂಬಂತೆ ಅದರ ಜಾಗಕ್ಕೆ ಹಿಡಿದು ನೋಡುತ್ತಿದ್ದ. ಪಾಸು ಮಾಡಿಸಲು ಕಟ್ಟಿದ್ದೇ ಫೇಲು ಮಾಡುತ್ತಿದೆ ಎಂಬುದು ಆಗ ಅವರಿಗೆ ಅರ್ಥವಾಗುತ್ತಿತ್ತು. ಆಯಿ ನನ್ನ ಹತ್ತಿರ ಬಂದು ಮೆಲ್ಲಗೆ, "ಹೊಡಿ ಬೇ. ನಿನ್ನ ಪರೀಕ್ಷಾ ಐತಿ. ನಮ್ದೇನೈತಿ" ಎಂದಳು.

ನನಗೆ ಅಳು ಬಂತು. ಅಷ್ಟು ಜನರೆದುರು ಅತ್ತೂಬಿಟ್ಟೆ. ಸುತ್ತಿಗೆ ಚೀಲಕ್ಕೆ ಹಾಕಿ ಪರೀಕ್ಷಕರಿಗೆ, ಚುಕ್ಕಿ ಇಡುತ್ತೇನೆ ಸರ್ ಎಂದೆ. ಅವರು ತಲೆಯಾಡಿಸಿ, ಆಯಿ ಕೊಟ್ಟ ಮಜ್ಜಿಗೆ ಕುಡಿದು, ಗೋಡೆಯ ಮುಂದೆ ನಿಂತು ಊರವರ ಜೊತೆ ಒಂದು ಫೋಟೋ ತೆಗೆಸಿಕೊಂಡು ಹೋದರು.

ಜೂನ್ ಬಂತು, ಪಿಎಚ್.ಡಿ. ಬರಲಿಲ್ಲ. ಪ್ರಾಚಾರ್ಯರು ನನ್ನನ್ನು ಸಂಸ್ಕೃತಿಗೆ ತಕ್ಕಂತೆ ಹಾರ, ಶಾಲು ಹಾಕಿ ಬೀಳ್ಕೊಟ್ಟರು. ಕಾಯಂ ಹುದ್ದೆಗೆ ಅವರ ಸಂಬಂಧಿಕರೊಬ್ಬರು ಬಂದರು. ಅವರ ಪ್ರಬಂಧದಲ್ಲಿ ಎಲ್ಲ ಗೆರೆಗಳೂ ಪೂರಾ ಇದ್ದವಂತೆ. ನಾನು ಅಪ್ಪನ ಅಂಗಡಿಯ ಗಲ್ಲೆಯ ಹಿಂದೆ ಕೂತು ಜಂಪರ್ ಪೀಸ್ ಕತ್ತರಿಸುತ್ತ ಅಧ್ಯಾಯವನ್ನು ಹೊಸದಾಗಿ ಬರೆದೆ. ಬಹಳ ಬೇಸರವಾಗಿತ್ತು. ಆ ಊರಿನ ಮೇಲೆ, ಗೈಡ್ ಮೇಲೆ, ಹಸಿರು ಪೆನ್ಸಿಲ್ ಮಾಡುವ ಕಂ‍ಪನಿಯ ಮೇಲೆ ಸಿಟ್ಟಿತ್ತು. ಪದವಿ ಬಂದಾಗ ಅವ್ವ ಹೋಳಿಗೆ ಮಾಡಿದಳು. ಆಮೇಲೆ ಅಥಣಿಯ ಒಂದು ಕಾಲೇಜಿನಲ್ಲಿ ಮತ್ತೆ ಅತಿಥಿಯಾದೆ. ಅಲ್ಲಿ ಕುರ್ಚಿ ಇತ್ತು.

ಒಂದು ವರ್ಷ ಆ ಊರಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಮನಸ್ಸು ತಡೆಯಲಿಲ್ಲ. ಅಚ್ಚಾದ ನಕ್ಷೆಯ ಒಂದು ಪ್ರತಿ ಸುರುಳಿ ಸುತ್ತಿಕೊಂಡು ಹೋದೆ. ಈ ಸಲ ಕರಿಕಲ್ಲಿಗೆ ಹಸಿರೇ ಹಚ್ಚಿದ್ದೆ. ಹೋಟೆಲಿನ ಅದೇ ಟೇಬಲ್ಲಿನ ಮೇಲೆ ಹಾಸಿದರೆ ಇಬ್ಬರೂ ಧಣಿಗಳು ತಲೆಗೆ ತಲೆ ತಾಗಿಸಿ ಬಾಗಿ ನೋಡಿದರು. ಗುಡ್ಡದ ಮಡಿಕೆಗಳ ಸುತ್ತ ಗೆರೆಗಳೆಲ್ಲ ಗಟ್ಟಿ. ಕಬ್ಬಿನ ಹೊಲಗಳಲ್ಲಿ ಇದ್ದಂತೆಯೇ ಈಗ ಊರಿನ ಹಿಂದೆಯೂ ಗೆರೆ ಕರಗಿ ಚುಕ್ಕಿಯಾಗಿತ್ತು.

"ನಮ್ಮೂರಾಗ ಗೆರಿ ಇಲ್ಲ!" ಎಂದ ಹೋಟೆಲ್ ಧಣಿ. ಕಿರಾಣಿ ಧಣಿ ಎಲ್ಲರಿಗೂ ತನ್ನ ಕಡೆಯಿಂದ ಚಹಾ ಎಂದು ಘೋಷಿಸಿದ. ನನ್ನ ಸೋಲನ್ನು ಅಷ್ಟು ಸಂತೋಷದಿಂದ ಯಾರೂ ಆಚರಿಸಿಲ್ಲ. ಗಟಾರ ಇನ್ನೂ ಆಗಿರಲಿಲ್ಲ.

ನಕ್ಷೆಯನ್ನು ಆಯಿಯ ಮನೆಗೆ ಒಯ್ದೆ. ಆಕೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಚುಕ್ಕಿಗಳ ಮೇಲೆ ಬೆರಳಾಡಿಸಿದಳು. "ಇವು ಯಾವ ಚುಕ್ಕಿ ಬೇ?"

"ನಿಮ್ಮ ಹಿತ್ತಲದ್ದು ಆಯಿ."

"ನಡುವ ನಡುವ ಸಂದಿ ಬಿಟ್ಟೀಯಲ್ಲ?"

"ಹೌದು."

ಹಿತ್ತಲಿನಾಚೆ ಹಳ್ಳದಲ್ಲಿ ಆಕೆಯ ಮಗಳು ಎಮ್ಮೆಯನ್ನು ಹೊಡೆದುಕೊಂಡು ಈ ಕಡೆ ದಾಟಿ ಬರುತ್ತಿದ್ದಳು. ಆಯಿ ಮಗಳನ್ನೊಮ್ಮೆ, ಚುಕ್ಕಿಯನ್ನೊಮ್ಮೆ ನೋಡಿದಳು.

"ಆಕಿನೂ ಎಮ್ಮಿನೂ ಕೂಡೇ ಬರೂವಷ್ಟು ಐತೇನು ಈ ಸಂದಿ?"

ನಾನು ನಕ್ಷೆಯ ಮೂಲೆಯ ಅಳತೆಪಟ್ಟಿ ನೋಡಿದೆ. ಎರಡು ಚುಕ್ಕಿಗಳ ನಡುವೆ ಇಡೀ ಊರು ತನ್ನೆಲ್ಲ ಎಮ್ಮೆಗಳ ಜೊತೆ, ಸಾಲು ಮುರಿಯದೆ ಹಾಯಬಹುದಿತ್ತು.

"ಐತಿ ಆಯಿ" ಎಂದೆ. "ಬೇಕಾದಷ್ಟೈತಿ."